ಮಧ್ಯಾಹ್ನದ ಗಂಟೆ: ನಮ್ಮ ಶಾಲೆಯ ಐವತ್ತು ವರ್ಷಗಳ ಊಟದ ಕಥೆ

ನಮ್ಮ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಯಾವ ವಿಷಯ ಬರೆಯಲಿ ಎಂದು ಕೆಲವು ದಿನ ಯೋಚಿಸಿದೆ. ದೇವಸ್ಥಾನದ ಪೌಳಿಯಲ್ಲಿ ಶಾಲೆ ಶುರುವಾದದ್ದು, ಊರಿನ ಹಿರಿಯರು ಜಾಗ ಬಿಟ್ಟುಕೊಟ್ಟು ಕಟ್ಟಡ ಎಬ್ಬಿಸಿದ್ದು, ಎಸ್.ಎಸ್.ಎಲ್.ಸಿ. ಫಲಿತಾಂಶ, ಕಬಡ್ಡಿ ತಂಡ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು 1977ರಿಂದ 1980ರವರೆಗೆ ಇಲ್ಲಿ ವಿದ್ಯಾರ್ಥಿಯಾಗಿದ್ದೆ. 1993ರಿಂದ 2011ರವರೆಗೆ ಇಲ್ಲೇ ವಿಜ್ಞಾನ ಶಿಕ್ಷಕನಾಗಿದ್ದೆ. ಬೆಂಚಿನ ಮೇಲೆ ಕೂತೂ ಮೇಜಿನ ಹಿಂದೆ ನಿಂತೂ ಈ ಶಾಲೆಯನ್ನು ನೋಡಿದ್ದೇನೆ. ಎರಡೂ ಕಡೆಯಿಂದ ನೋಡಿದಾಗ ನನಗೆ ಮರೆಯಲಾಗದೆ ಉಳಿದದ್ದು ಒಂದೇ ವಿಷಯ: ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಮಕ್ಕಳು ಏನು ಮಾಡುತ್ತಿದ್ದರು? ಯಾರು ಉಣ್ಣುತ್ತಿದ್ದರು, ಯಾರು ಉಣ್ಣುತ್ತಿರಲಿಲ್ಲ?

ಇದು ಕೂಡ ಶಾಲೆಯ ಚರಿತ್ರೆಯೇ. ಹಾಜರಿ ಪುಸ್ತಕದಲ್ಲಿ ಇದು ದಾಖಲಾಗಿಲ್ಲ. ಆದ್ದರಿಂದ ನೆನಪಿರುವವರು ಬರೆದಿಡಬೇಕು ಎಂದು ಈ ಪ್ರಯತ್ನ.

ಕೇರ್ ಉಪ್ಪಿಟ್ಟಿನ ಕಾಲ

ನನ್ನ ವಯಸ್ಸಿನವರಿಗೆ ಶಾಲೆಯ ಊಟ ಎಂದರೆ ಮೊದಲು ನೆನಪಾಗುವುದು ಪ್ರಾಥಮಿಕ ಶಾಲೆಯ ಉಪ್ಪಿಟ್ಟು. ಅದಕ್ಕೆ ಎಲ್ಲರೂ ‘ಕೇರ್ ಉಪ್ಪಿಟ್ಟು’ ಎನ್ನುತ್ತಿದ್ದೆವು. ಕೇರ್ ಎಂಬುದು ಅಮೆರಿಕದ ಒಂದು ಸಂಸ್ಥೆಯ ಹೆಸರೆಂದು ನಮಗೆ ಗೊತ್ತಿರಲಿಲ್ಲ. ಅದು ಉಪ್ಪಿಟ್ಟಿನ ಜಾತಿ ಎಂದುಕೊಂಡಿದ್ದೆವು. ಅಮೆರಿಕ ತನ್ನಲ್ಲಿ ಮಿಕ್ಕ ಧಾನ್ಯವನ್ನು ಹೊರದೇಶಗಳಿಗೆ ಕಳುಹಿಸಲು 1954ರಲ್ಲಿ ಮಾಡಿದ ಪಿ.ಎಲ್. 480 ಎಂಬ ಕಾಯಿದೆಯಡಿ ಗೋಧಿ ನುಚ್ಚು, ಮೆಕ್ಕೆಜೋಳ ಮತ್ತು ಸೋಯಾ ಬೆರೆಸಿದ ಹಿಟ್ಟು, ಹಾಲಿನ ಪುಡಿ, ಅಡುಗೆ ಎಣ್ಣೆ ನಮ್ಮ ದೇಶಕ್ಕೆ ಬರುತ್ತಿದ್ದವು. ಕೇರ್ ಸಂಸ್ಥೆ ಅದನ್ನು ಶಾಲೆಗಳಿಗೆ ಮುಟ್ಟಿಸುತ್ತಿತ್ತು. ಮೂಟೆ ಮತ್ತು ಎಣ್ಣೆ ಡಬ್ಬಗಳ ಮೇಲೆ ಎರಡು ಕೈ ಕುಲುಕುವ ಚಿತ್ರವಿರುತ್ತಿತ್ತು. ಖಾಲಿಯಾದ ಡಬ್ಬಕ್ಕೆ ಊರಿನಲ್ಲಿ ಭಾರಿ ಬೇಡಿಕೆ. ನಮ್ಮ ಮನೆಯ ಬಚ್ಚಲಲ್ಲಿ ನೀರು ತೋಡಲು ಬಹಳ ಕಾಲ ಆ ಡಬ್ಬವೇ ಇತ್ತು.

ಉಪ್ಪಿಟ್ಟು ಹಳದಿ ಬಣ್ಣದ್ದು, ಸ್ವಲ್ಪ ಅಂಟು, ಒಗ್ಗರಣೆ ಹೆಸರಿಗೆ ಮಾತ್ರ. ಮನೆಯಿಂದ ತಂದ ಅಲ್ಯೂಮಿನಿಯಂ ತಟ್ಟೆಗೋ, ಮುತ್ತುಗದ ಎಲೆಗೋ ಬಡಿಸುತ್ತಿದ್ದರು. ಉಳ್ಳವರ ಮಕ್ಕಳು ಮುಖ ಸಿಂಡರಿಸುತ್ತಿದ್ದರು. ನಮ್ಮಂಥವರು ತಟ್ಟೆ ತೊಳೆಯುವ ಮುಂಚೆ ಬೆರಳಲ್ಲಿ ಬಳಿದು ತಿನ್ನುತ್ತಿದ್ದೆವು. 1972–73ರ ಬರಗಾಲದಲ್ಲಿ ನಮ್ಮ ಹೊಲದಲ್ಲಿ ರಾಗಿ ತೆನೆ ಕಟ್ಟಲೇ ಇಲ್ಲ. ಆ ವರ್ಷ ನಾನು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಅದಕ್ಕೆ ಮೇಷ್ಟ್ರು ನನಗೆ ಬಹುಮಾನವಾಗಿ ಒಂದು ಪೆನ್ಸಿಲ್ ಕೊಟ್ಟರು. ಬಹುಮಾನ ಸಲ್ಲಬೇಕಾದದ್ದು ಉಪ್ಪಿಟ್ಟಿಗೆ.

ಅದೇ ಹೊತ್ತಿನಲ್ಲಿ ನಮ್ಮ ನಾಡಿನಲ್ಲೇ ಬೇರೊಂದು ಕೆಲಸ ನಡೆದಿತ್ತು ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ ಮತ್ತು ಸುಣ್ಣದ ಅಂಶ ಸೇರಿಸಿ, ಮಕ್ಕಳಿಗಾಗಿ ಒಂದು ಪೌಷ್ಟಿಕ ಆಹಾರ ಸಿದ್ಧಪಡಿಸಿದ್ದರು. ಕಡಲೆಕಾಯಿ ನಮ್ಮ ತಾಲ್ಲೂಕಿನ ಬೆಳೆ. ನಾವು ಕಾಯಿಯನ್ನು ಮಿಲ್ಲಿಗೆ ಮಾರುತ್ತಿದ್ದೆವು, ಹಿಂಡಿಯನ್ನು ದನಕ್ಕೆ ಹಾಕುತ್ತಿದ್ದೆವು, ಮಕ್ಕಳು ಮಾತ್ರ ಹಡಗಿನಲ್ಲಿ ಬಂದ ಹಿಟ್ಟಿಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಬಂದದ್ದನ್ನು ಉಂಡು ಬದುಕಿದೆವು, ಆದ್ದರಿಂದ ಹಳಿಯುವುದಿಲ್ಲ. ಆದರೂ ಈ ಮಾತು ಮನಸ್ಸಿನಲ್ಲಿ ಕೊರೆಯುತ್ತದೆ.

ಪ್ರೌಢಶಾಲೆಯ ಖಾಲಿ ಮಧ್ಯಾಹ್ನ

ಏಳನೇ ತರಗತಿ ಪಾಸಾಗಿ 1977ರಲ್ಲಿ ನಾನು ಈ ಶಾಲೆಗೆ ಸೇರಿದೆ. ಉಪ್ಪಿಟ್ಟು ಅಲ್ಲಿಗೇ ನಿಂತಿತು. ಪ್ರೌಢಶಾಲೆಗೆ ಯಾವ ಊಟದ ಯೋಜನೆಯೂ ಇರಲಿಲ್ಲ.

ನಮ್ಮ ಹಟ್ಟಿಯಿಂದ ಶಾಲೆಗೆ ಐದು ಕಿಲೋಮೀಟರ್. ಬೆಳಿಗ್ಗೆ ಒಂದು ಚೊಂಬು ರಾಗಿ ಅಂಬಲಿಯನ್ನೋ, ಮಜ್ಜಿಗೆಗೆ ಕಿವುಚಿದ ತಂಗಳು ಮುದ್ದೆಯನ್ನೋ ಕುಡಿದು ಎಂಟಕ್ಕೆ ಹೊರಟರೆ ಮತ್ತೆ ಊಟ ರಾತ್ರಿಯೇ. ಊರಿನ ಮಕ್ಕಳು ಮಧ್ಯಾಹ್ನ ಮನೆಗೆ ಹೋಗಿ ಉಂಡು ಬರುತ್ತಿದ್ದರು. ಸ್ವಲ್ಪ ಅನುಕೂಲವಿದ್ದವರು ಬುತ್ತಿ ತರುತ್ತಿದ್ದರು. ಹಟ್ಟಿಗಳಿಂದ ನಡೆದು ಬರುತ್ತಿದ್ದ ನಾವು ಹತ್ತಿಪ್ಪತ್ತು ಜನ ಬಾವಿಯ ಹತ್ತಿರ ಹೋಗಿ ಹೊಟ್ಟೆ ತುಂಬ ನೀರು ಕುಡಿದು, ಕಾಲಕ್ಕೆ ತಕ್ಕಂತೆ ಎಲಚಿ ಹಣ್ಣು, ಕಾರೆ ಹಣ್ಣು, ಹುಣಸೆ ಹೂವು ಹುಡುಕುತ್ತಿದ್ದೆವು. ಕಡಲೆಕಾಯಿ ಕೀಳುವ ತಿಂಗಳು ನಮಗೆ ಹಬ್ಬ. ಯಾರ ಹೊಲವೆಂದು ಈಗ ಹೇಳುವುದಿಲ್ಲ, ಆ ಹೊಲದವರ ಮೊಮ್ಮಕ್ಕಳು ಈ ಸಂಚಿಕೆಯನ್ನು ಓದಬಹುದು. ಅವರಲ್ಲಿ ಕ್ಷಮೆ ಕೋರುತ್ತೇನೆ.

ಬುತ್ತಿ ಇಲ್ಲವೆಂದು ತೋರಿಸಿಕೊಳ್ಳಲು ನಾಚಿಕೆ. ಆದ್ದರಿಂದ ಬುತ್ತಿ ಬಿಚ್ಚುವವರ ಕಡೆ ಹೋಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಈ ನಾಚಿಕೆ ಇನ್ನೂ ಹೆಚ್ಚು. ಅವರು ತರಗತಿಯಲ್ಲೇ ಪುಸ್ತಕ ತೆರೆದು ಕೂತಿರುತ್ತಿದ್ದರು. ಓದುವ ಹುಡುಗಿಯರು ಎಂದು ಮೇಷ್ಟ್ರು ಹೊಗಳುತ್ತಿದ್ದರು. ನನ್ನ ಜೊತೆ ಹಟ್ಟಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಂಬತ್ತನೇ ತರಗತಿಯಲ್ಲಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಎರಡು ಸಲ ಕುಸಿದು ಬಿದ್ದಳು. ಮೂರನೇ ಸಲ ಬಿದ್ದಾಗ ಮನೆಯವರು ಬಿಡಿಸಿ ಮದುವೆ ಮಾಡಿದರು. ಗಾಳಿ ಸೋಕಿದೆ ಎಂದರು ಕೆಲವರು. ಇಂದು ನೆನೆದರೆ, ಹದಿನಾಲ್ಕರ ಆ ಹುಡುಗಿಗೆ ಸೋಕಿದ್ದು ರಕ್ತಹೀನತೆ.

ವಾರಾನ್ನದಿಂದ ಹಕ್ಕಿನವರೆಗೆ

ಓದುವ ಮಕ್ಕಳಿಗೆ ಅನ್ನ ಹಾಕಬೇಕೆಂಬ ಅರಿವು ನಮ್ಮಲ್ಲಿ ಹೊಸದಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಗೊತ್ತುಮಾಡಿಕೊಂಡು ಬಡ ಹುಡುಗರು ಉಂಡು ಓದುತ್ತಿದ್ದರು. ಹಾಗೆ ಓದಿ ದೊಡ್ಡವರಾದವರು ಹಲವರು. ಆದರೆ ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲುಗಳು ತೆರೆದಿರಲಿಲ್ಲ, ಹುಡುಗಿಯರಿಗಂತೂ ಇಲ್ಲವೇ ಇಲ್ಲ. ನಮ್ಮ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಕೊಟ್ಟರು. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲುಗಳು ಬಂದವು. ಮಠಕ್ಕೋ ಹಾಸ್ಟೆಲಿಗೋ ಸೇರಿದ ನಮ್ಮ ಹಟ್ಟಿಯ ಹುಡುಗರು ರಜೆಗೆ ಬಂದಾಗ ನಮಗಿಂತ ಒಂದು ಗೇಣು ಎತ್ತರವಾಗಿರುತ್ತಿದ್ದರು. ಅದು ಮೂರು ಹೊತ್ತಿನ ಊಟದ ಎತ್ತರ ಎಂದು ಆಗ ನಮಗೆ ಹೊಳೆಯಲಿಲ್ಲ.

ಶಾಲೆಯಲ್ಲೇ ಊಟ ಕೊಡುವ ಕೆಲಸದಲ್ಲಿ ನಮ್ಮ ನೆರೆಯವರು ಮುಂದಿದ್ದರು. ಮದರಾಸು ನಗರಪಾಲಿಕೆ 1920ರ ದಶಕದಲ್ಲೇ ತನ್ನ ಶಾಲೆಗಳಲ್ಲಿ ಊಟ ಆರಂಭಿಸಿತ್ತು. 1950ರ ದಶಕದಲ್ಲಿ ಮುಖ್ಯಮಂತ್ರಿ ಕಾಮರಾಜರು ಅದನ್ನು ಹಳ್ಳಿಗಳಿಗೆ ಒಯ್ದರು. 1982ರ ಜುಲೈ 1ರಂದು ಎಂ.ಜಿ. ರಾಮಚಂದ್ರನ್ ಅದನ್ನು ಪೌಷ್ಟಿಕ ಊಟದ ದೊಡ್ಡ ಯೋಜನೆಯಾಗಿ ಬೆಳೆಸಿದರು. ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರ ತಾಲ್ಲೂಕಿನಲ್ಲಿ ಮೊದಲ ಅಂಗನವಾಡಿಗಳು ತೆರೆದು, ಆರು ವರ್ಷದೊಳಗಿನ ಮಕ್ಕಳಿಗೆ ಪೌಷ್ಟಿಕ ಆಹಾರ ಸಿಗತೊಡಗಿತು.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ದೇಶದ ಪ್ರಾಥಮಿಕ ಶಾಲೆಗಳಿಗೆಂದು ಯೋಜನೆ ತಂದಿತು. ಆದರೆ ಬಹುತೇಕ ರಾಜ್ಯಗಳಲ್ಲಿ ಬೇಯಿಸಿದ ಅನ್ನ ಸಿಗಲಿಲ್ಲ. ಹಾಜರಾತಿ ಸರಿಯಾಗಿದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಟ್ಟು ಕಳಿಸುತ್ತಿದ್ದರು. ನಮ್ಮೂರಿನ ಮಕ್ಕಳೂ ಚೀಲದಲ್ಲಿ ಅಕ್ಕಿ ಹೊತ್ತುಕೊಂಡು ಹೋಗುತ್ತಿದ್ದರು. ಆ ಅಕ್ಕಿ ಮನೆಯ ಒಲೆಗೆ ಹೋಗಿ ಐದಾರು ಜನರ ತಟ್ಟೆಗೆ ಹಂಚಿಹೋಗುತ್ತಿತ್ತು. ಮಧ್ಯಾಹ್ನ ಶಾಲೆಯಲ್ಲಿ ಮಗು ಹಸಿದೇ ಇರುತ್ತಿತ್ತು.

ಇದನ್ನು ಬದಲಿಸಿದ್ದು ಸುಪ್ರೀಂ ಕೋರ್ಟು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದ್ದಾಗ ಬರಪೀಡಿತ ಜನ ಹಸಿದಿರುವುದೇಕೆ ಎಂದು 2001ರಲ್ಲಿ ಪಿ.ಯು.ಸಿ.ಎಲ್. ಸಂಸ್ಥೆ ಹೂಡಿದ ದಾವೆಯಲ್ಲಿ, ಅದೇ ವರ್ಷ ನವೆಂಬರ್ 28ರಂದು ನ್ಯಾಯಾಲಯ ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟ ಕೊಡಬೇಕೆಂದು ಅದರಲ್ಲಿ ಹೇಳಿತ್ತು. ಅಲ್ಲಿಯವರೆಗೆ ದಾನವೋ ಯೋಜನೆಯೋ ಆಗಿದ್ದ ಊಟ ಅಂದಿನಿಂದ ಮಗುವಿನ ಹಕ್ಕಾಯಿತು.

ಅಂದಾಜಿನ ಎತ್ತರ, ಅಂದಾಜಿನ ತೂಕ

ಇಲ್ಲಿ ನನ್ನ ಸ್ವಂತ ತಪ್ಪೊಂದನ್ನು ಹೇಳಿಕೊಳ್ಳಬೇಕು. ಇದನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಮಕ್ಕಳ ಅಂಕಪಟ್ಟಿಯಲ್ಲಿ ವಿಷಯವಾರು ಅಂಕಗಳ ಕೆಳಗೆ ಎರಡು ಸಣ್ಣ ಖಾನೆಗಳಿರುವುದು ನಿಮಗೆಲ್ಲ ಗೊತ್ತು. ಒಂದು ಎತ್ತರ, ಇನ್ನೊಂದು ತೂಕ. ನಾನು ತರಗತಿ ಶಿಕ್ಷಕನಾಗಿದ್ದ ಮೊದಲ ವರ್ಷಗಳಲ್ಲಿ ಈ ಖಾನೆಗಳನ್ನು ಒಂದೇ ಸಂಜೆಯಲ್ಲಿ ತುಂಬಿಬಿಡುತ್ತಿದ್ದೆ. ಹಿಂದಿನ ವರ್ಷದ ಅಂಕಿಗೆ ಎರಡು ಮೂರು ಸೇರಿಸಿದರೆ ಮುಗಿಯಿತು. ಶಾಲೆಯಲ್ಲಿ ತೂಕದ ಯಂತ್ರ ಇರಲಿಲ್ಲ ನಿಜ. ಇಲ್ಲವೆಂದು ನಾನು ಯಾರನ್ನೂ ಕೇಳಿರಲೂ ಇಲ್ಲ.

1998ರಲ್ಲಿ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೆಳಿಗ್ಗೆ ಚುರುಕಾಗಿರುತ್ತಿದ್ದವನು ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಕಪಟ್ಟಿಯಲ್ಲಿ ‘ಗಮನ ಕಡಿಮೆ’ ಎಂದು ಷರಾ ಬರೆದಿದ್ದೇನೆ. ಆ ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯೊಬ್ಬರು ತೂಕದ ಯಂತ್ರ ತೆಗೆದುಕೊಂಡು ಶಾಲೆಗೆ ತಪಾಸಣೆಗೆ ಬಂದರು. ಅವನನ್ನು ಯಂತ್ರದ ಮೇಲೆ ನಿಲ್ಲಿಸಿದಾಗ ಮುಳ್ಳು 26 ಕೆ.ಜಿ.ಗೆ ನಿಂತಿತು. ನನ್ನ ಅಂಕಪಟ್ಟಿಯಲ್ಲಿ 33 ಎಂದಿತ್ತು. ಆ ತಾಯಿ ಕಾರ್ಡನ್ನು ನೋಡಿ, ನನ್ನನ್ನು ನೋಡಿ, “ಮೇಷ್ಟ್ರೇ, ಇದು ಯಾರ ತೂಕ?” ಎಂದರು.

ಆಮೇಲೆ ಹುಡುಗನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ಚಾಚಿಸಿದರು. ಎರಡೂ ಬಿಳಿಚಿಕೊಂಡಿದ್ದವು.

“ಮಧ್ಯಾಹ್ನ ಏನು ತಿಂತೀಯಪ್ಪ?”

“ನೀರು ಕುಡೀತೀನಿ ಮೇಡಂ.”

ಇಪ್ಪತ್ತು ವರ್ಷದ ಹಿಂದೆ ನಾನೂ ಅದೇ ಬಾವಿಯ ನೀರು ಕುಡಿದವನು. ಸಂಬಳ ಬರತೊಡಗಿದ ಮೇಲೆ ಅದನ್ನು ಹೇಗೆ ಮರೆತೆನೋ ತಿಳಿಯದು. ಹಸಿವನ್ನು ಸೋಮಾರಿತನವೆಂದು ಓದಿದ್ದೆ, ಓದಿದ್ದನ್ನು ಸರ್ಕಾರಿ ಕಾಗದದ ಮೇಲೆ ಬರೆದೂ ಇದ್ದೆ. ಅವರು ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಔಷಧಿ ಕೊಟ್ಟರು. ನಾವು ಕೆಲವು ಶಿಕ್ಷಕರು ಸೇರಿ ಬುತ್ತಿಯಲ್ಲಿ ಪಾಲು ಕೊಡಲು ನೋಡಿದೆವು. ಎರಡು ದಿನ ತಿಂದ, ಮೂರನೇ ದಿನ “ಹಸಿವಿಲ್ಲ ಸಾರ್” ಎಂದ. ಸಾಲಿನಲ್ಲಿ ಎಲ್ಲರ ಜೊತೆ ಉಣ್ಣುವುದಕ್ಕೂ, ಮೇಷ್ಟ್ರ ಡಬ್ಬಿಯಿಂದ ಒಬ್ಬನೇ ತಿನ್ನುವುದಕ್ಕೂ ಇರುವ ವ್ಯತ್ಯಾಸ ನನಗೆ ಅಂದು ಅರ್ಥವಾಯಿತು. ಹತ್ತನೇ ತರಗತಿಗೆ ಅವನು ಬರಲಿಲ್ಲ. ಇಟ್ಟಿಗೆ ಗೂಡಿಗೆ ಹೋದ ಎಂದರು.

ಅಂದಿನಿಂದ ಊರಿನ ಸೊಸೈಟಿಯವರನ್ನು ಕೇಳಿ, ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ವರ್ಷಕ್ಕೆ ಎರಡು ಸಲ ಮಕ್ಕಳನ್ನು ತೂಗಿಸತೊಡಗಿದೆ. ಮೊದಲು ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ತಾವೇ ಕೇಳುತ್ತಿದ್ದರು. ಎತ್ತರಕ್ಕೆ ಪ್ರಯೋಗಾಲಯದ ಗೋಡೆಯ ಮೇಲೆ ಗೆರೆ ಹಾಕಿಸಿದೆ. ಸುಣ್ಣ ಬಳಿದರೂ ಆ ಗೆರೆಗಳು ಇನ್ನೂ ಮಸುಕಾಗಿ ಕಾಣುತ್ತವೆ ಎಂದು ಕೇಳಿದ್ದೇನೆ.

ಗೋಡೆಯ ಆಚೆಯ ಒಲೆ

2002ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಶರಣರ ದಾಸೋಹ ಎಂಬ ಮಾತಿಗೆ ಅಕ್ಷರ ಸೇರಿಸಿ ಇಟ್ಟ ಈ ಹೆಸರು ಜನರ ಬಾಯಲ್ಲಿ ‘ಬಿಸಿಯೂಟ’ವೇ ಆಯಿತು. ಮರುವರ್ಷ, 2003ರಲ್ಲಿ, ಉಳಿದ ಜಿಲ್ಲೆಗಳಿಗೂ ಬಂತು. ಮೊದಲು ಕಿರಿಯ ತರಗತಿಗಳಿಗೆ, ಆಮೇಲೆ ಏಳನೇ ತರಗತಿಯವರೆಗೆ.

ನಮ್ಮ ಪ್ರೌಢಶಾಲೆಗೂ ಪ್ರಾಥಮಿಕ ಶಾಲೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆ ಒಲೆ ಉರಿಯತೊಡಗಿತು. ಹನ್ನೊಂದೂವರೆಗೆ ಸಾಂಬಾರಿನ ಒಗ್ಗರಣೆ ವಾಸನೆ ನನ್ನ ತರಗತಿಗೆ ಬರುತ್ತಿತ್ತು. ಅಲ್ಲಿಯ ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ನಮ್ಮ ಮಕ್ಕಳು ಗೋಡೆಗೆ ಆತುಕೊಂಡು ನೋಡುತ್ತಿದ್ದರು. ಅವರಲ್ಲಿ ಎಂಟನೇ ತರಗತಿಯವರು ಹಿಂದಿನ ವರ್ಷ ಆ ಸಾಲಿನಲ್ಲೇ ಉಂಡವರು. ಒಂದು ದಿನ ಆಹಾರ ಘಟಕಗಳ ಪಾಠ ಮಾಡುತ್ತಿದ್ದೆ. ಬೆಳೆಯುವ ಮಕ್ಕಳಿಗೆ ಪ್ರೋಟೀನ್ ಎಷ್ಟು ಮುಖ್ಯ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು:

“ಸಾರ್, ಎಂಟನೇ ಕ್ಲಾಸಿಗೆ ಬಂದ್ರೆ ಹಸಿವಾಗಲ್ವಾ?”

ತರಗತಿಯೆಲ್ಲ ನಕ್ಕಿತು. ನನಗೆ ಉತ್ತರ ತೋಚಲಿಲ್ಲ. ಅವಳ ಪ್ರಶ್ನೆಯಲ್ಲಿ ವಿಜ್ಞಾನ ಇತ್ತು. ಮಗು ಹುಟ್ಟಿದ ಮೊದಲ ಎರಡು ಮೂರು ವರ್ಷ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆಮೇಲೆ ಬೆಳವಣಿಗೆ ನಿಧಾನವಾಗುತ್ತದೆ. ಮತ್ತೆ ಅದು ಜೋರಾಗುವುದು ಪ್ರೌಢಶಾಲೆಗೆ ಬರುವ ಹೊತ್ತಿಗೇ. ಹುಡುಗಿಯರಲ್ಲಿ ಸುಮಾರು 12ರ ಹೊತ್ತಿಗೆ, ಹುಡುಗರಲ್ಲಿ ಸುಮಾರು 14ರ ಹೊತ್ತಿಗೆ ಈ ವೇಗ ಅತಿ ಹೆಚ್ಚು. ದೊಡ್ಡವರಾದ ಮೇಲಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೂಡುವುದು ಈ ಹರೆಯದ ವರ್ಷಗಳಲ್ಲಿ. ಮೂಳೆ ಗಟ್ಟಿಯಾಗಲು ಸುಣ್ಣದ ಅಂಶ, ಸ್ನಾಯು ಬೆಳೆಯಲು ಪ್ರೋಟೀನ್, ಮುಟ್ಟು ಆರಂಭವಾದ ಹುಡುಗಿಯರಿಗೆ ಕಬ್ಬಿಣಾಂಶ, ಎಲ್ಲವೂ ಹಿಂದಿಗಿಂತ ಹೆಚ್ಚು ಬೇಕು. ಹೀಗೆ ಅತಿ ಹೆಚ್ಚು ಹಸಿವಾಗುವ ವಯಸ್ಸಿಗೆ ಸರಿಯಾಗಿ ನಾವು ತಟ್ಟೆ ಎತ್ತಿಡುತ್ತಿದ್ದೆವು. 1977ರಲ್ಲಿ ನನಗೆ ಆದದ್ದೂ ಅದೇ, 2004ರಲ್ಲಿ ಆ ಹುಡುಗಿಗೆ ಆದದ್ದೂ ಅದೇ.

ಪ್ರಾಥಮಿಕ ಶಾಲೆಯ ಅಡುಗೆಯಮ್ಮನವರು ಕೆಲವು ದಿನ ಮಿಕ್ಕ ಅನ್ನವನ್ನು ಗೋಡೆಯ ಮೇಲಿಂದ ಕೊಡುತ್ತಿದ್ದರು. ಲೆಕ್ಕಕ್ಕೆ ತೊಂದರೆಯಾಗುತ್ತದೆ ಎಂದು ಯಾರೋ ಹೇಳಿದಾಗ, “ಚೆಲ್ಲೋ ಅನ್ನಕ್ಕೆ ಯಾವ ಲೆಕ್ಕ ಸಾರ್” ಎಂದರು. ಅವರನ್ನು ಈ ಸಂಚಿಕೆ ನೆನೆಯಲೇಬೇಕು.

ನಮ್ಮ ಅಂಗಳದಲ್ಲಿ ಬಿಸಿಯೂಟ

2007–08ನೇ ಸಾಲಿನಿಂದ ರಾಜ್ಯ ಸರ್ಕಾರ ಬಿಸಿಯೂಟವನ್ನು ಪ್ರೌಢಶಾಲೆಗಳಿಗೂ ವಿಸ್ತರಿಸಿತು. ಕೇಂದ್ರದ ಯೋಜನೆ ಇಂದಿಗೂ ಎಂಟನೇ ತರಗತಿಗೇ ನಿಲ್ಲುತ್ತದೆ. ಒಂಬತ್ತು ಮತ್ತು ಹತ್ತನೆಯವರ ಊಟಕ್ಕೆ ನಮ್ಮ ರಾಜ್ಯವೇ ಹಣ ಕೊಡುತ್ತದೆ. ಇದು ಹೆಮ್ಮೆಪಡಬೇಕಾದ ವಿಷಯ.

ಶುರುವಿನ ದಿನಗಳು ಸುಲಭವಾಗಿರಲಿಲ್ಲ. ಅಡುಗೆ ಕೋಣೆ ಇರಲಿಲ್ಲ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರವೇ ಅಡುಗೆ ಮನೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿತ್ತು. ನಮ್ಮ ಮುಖ್ಯ ಅಡುಗೆಯವರೂ ಕಾಲೋನಿಯಿಂದ ಬಂದ ತಾಯಿ. ಮೊದಲ ವಾರ ಕೆಲವು ಮಕ್ಕಳು ತಟ್ಟೆ ಹಿಡಿಯದೆ ಮನೆಗೆ ಹೋದರು. ಆಗ ನಮ್ಮ ಮುಖ್ಯೋಪಾಧ್ಯಾಯರು ಒಂದು ಭಾಷಣವನ್ನೂ ಮಾಡಲಿಲ್ಲ. ತಮ್ಮ ಬುತ್ತಿಯನ್ನು ಮನೆಯಲ್ಲೇ ಬಿಟ್ಟು ಬಂದು ದಿನವೂ ಮಕ್ಕಳ ಸಾಲಿನಲ್ಲಿ ಕೂತು ಉಂಡರು. ಎಸ್.ಡಿ.ಎಂ.ಸಿ.ಯ ಹಿರಿಯರೊಬ್ಬರೂ ಬಂದು ಕೂತರು. ಮಳೆಗಾಲ ಮುಗಿಯುವ ಹೊತ್ತಿಗೆ ಮನೆಗೆ ಹೋಗುವವರು ಯಾರೂ ಉಳಿಯಲಿಲ್ಲ. ಇದನ್ನು ಯಾರನ್ನೂ ನೋಯಿಸಲು ಬರೆದದ್ದಲ್ಲ. ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ನಮ್ಮೂರು ಕಲಿತದ್ದು ಈ ಅಂಗಳದಲ್ಲಿ ಎಂಬುದನ್ನು ನೆನಪಿಸಲು ಬರೆದೆ.

ಮಧ್ಯಾಹ್ನದ ಮೊದಲ ಪೀರಿಯಡ್ಡು ಬದಲಾಯಿತು. ತೂಕಡಿಸುವವರು ಆಗಲೂ ಇದ್ದರು, ಆದರೆ ಅದು ಉಂಡವರ ತೂಕಡಿಕೆ. ಆ ಎರಡಕ್ಕೂ ಇರುವ ವ್ಯತ್ಯಾಸ ನಾನು ಅಷ್ಟು ಹೊತ್ತಿಗೆ ಕಲಿತಿದ್ದೆ.

ಮುಂದಿನದು ಇತ್ತೀಚಿನ ಚರಿತ್ರೆ, ಎಲ್ಲರಿಗೂ ಗೊತ್ತಿರುವುದು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದಲ್ಲಿ 150 ಮಿ.ಲೀ. ಹಾಲು ಬಂತು. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ಬಂದವು. ಕಲ್ಯಾಣ ಕರ್ನಾಟಕದ ಕಡೆ 2021ರ ಕೊನೆಯಲ್ಲಿ ಆರಂಭವಾದ ಮೊಟ್ಟೆ ಆಮೇಲೆ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಉಂಟು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಪ್ರೋಟೀನ್ ಇರುತ್ತದೆ. 2024ರಲ್ಲೇ ಹಾಲಿನ ಜೊತೆ ರಾಗಿ ಮಾಲ್ಟ್ ಕೂಡ ಬಂತು.

ರಾಗಿ ಮಾಲ್ಟ್ ಬಂದ ಸುದ್ದಿ ಓದಿ ನನಗೆ ನಗುವೂ ಬಂತು, ಸಂತೋಷವೂ ಆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ನಮ್ಮ ಹೊಲಗಳಲ್ಲಿ ರಾಗಿ ಇಳುವರಿ ಏರಿತ್ತು. ಅದೇ ಕಾಲದಲ್ಲಿ ಮನೆಗಳಲ್ಲಿ ಮುದ್ದೆ ಇಳಿದು ರೇಷನ್ ಅಕ್ಕಿಯ ಅನ್ನ ಏರಿತು. ಮುದ್ದೆ ತರುವ ಹುಡುಗ ಡಬ್ಬಿ ಮುಚ್ಚಿಕೊಂಡು ತಿನ್ನುವಂತಾಯಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ನಮ್ಮ ಅಜ್ಜಿಯರು ಮೊಳಕೆ ಕಟ್ಟಿ ಒಣಗಿಸಿ ಬೀಸುತ್ತಿದ್ದ ರಾಗಿ ಹುರಿಹಿಟ್ಟಿನಲ್ಲಿ ಸತ್ವ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಅದು ಈಗ ಪ್ಯಾಕೆಟ್ಟಿನಲ್ಲಿ ಮರಳಿ ಬಂದಿದೆ. ಹೇಗಾದರೂ ಬರಲಿ, ಬಂದಿತಲ್ಲ.

ಎತ್ತರದ ಲೆಕ್ಕ

ಊಟ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೇ? ಇಲ್ಲ. ಶಾಲೆಗೆ ಬರುವ ಮುಂಚೆಯೇ, ತಾಯಿಯ ಹೊಟ್ಟೆಯಲ್ಲಿ ಮತ್ತು ಮೊದಲ ಎರಡು ವರ್ಷದಲ್ಲಿ ಕಳೆದುಹೋದ ಬೆಳವಣಿಗೆಯನ್ನು ಪ್ರೌಢಶಾಲೆಯ ಒಂದು ಹೊತ್ತಿನ ಊಟ ಪೂರ್ತಿ ತುಂಬಿಕೊಡಲಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಈಗಿನ ಮಕ್ಕಳಿಗೆ ಇನ್ನೊಂದು ಹೊಸ ತೊಂದರೆಯೂ ಸೇರಿದೆ. ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟುಗಳ ಸರ ತೂಗಾಡುತ್ತದೆ. ಬೆಳಿಗ್ಗೆ ಟೀ ಬನ್ನು, ಹತ್ತು ಗಂಟೆಗೆ ಆ ಪ್ಯಾಕೆಟ್ಟು, ಆಮೇಲೆ ಬಿಸಿಯೂಟದ ಸೊಪ್ಪು ತರಕಾರಿ ತಟ್ಟೆಯ ಅಂಚಿಗೆ.

ಆದರೆ ಈ ಊಟದ ಫಲ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸಾಕ್ಷಿಯಾಗಿದೆ. ಭಾರತದ ಸಮೀಕ್ಷೆಗಳನ್ನು ಪರಿಶೀಲಿಸಿದ ಸಂಶೋಧಕರು, ಬಾಲ್ಯದಲ್ಲಿ ಶಾಲೆಯ ಬಿಸಿಯೂಟ ಸಿಕ್ಕಿದ್ದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ, ಅವರ ಮಕ್ಕಳ ಎತ್ತರ ಉತ್ತಮವಾಗಿರುವುದನ್ನು ಕಂಡರು. ಅವರು ಹೆಚ್ಚು ಓದಿದ್ದರು, ಅವರಿಗೆ ಮಕ್ಕಳಾದದ್ದು ತಡವಾಗಿ, ಆರೋಗ್ಯ ಸೇವೆಯನ್ನು ಅವರು ಹೆಚ್ಚು ಬಳಸಿಕೊಂಡಿದ್ದರು. ಇದನ್ನು ಓದಿದಾಗ ಪ್ರಾರ್ಥನೆಯ ಸಾಲಿನಲ್ಲಿ ಕುಸಿದ ನನ್ನ ಸಹಪಾಠಿ ಕಣ್ಣಮುಂದೆ ಬಂದಳು. ಅವಳ ತಟ್ಟೆ ಖಾಲಿ ಇದ್ದದ್ದರ ಬೆಲೆಯನ್ನು ಅವಳೊಬ್ಬಳೇ ತೆತ್ತಿರಲಾರಳು.

ಕೊನೆಯಲ್ಲಿ ಕೆಲವು ಬಿನ್ನಹ

ಈಗಿನ ಶಿಕ್ಷಕ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಅಂಕಪಟ್ಟಿಯ ಆ ಎರಡು ಖಾನೆಗಳನ್ನು ಅಂದಾಜಿನಲ್ಲಿ ತುಂಬಬೇಡಿ. ಆರು ತಿಂಗಳಲ್ಲಿ ತೂಕ ಏರದ ಮಗುವನ್ನು, ಮಧ್ಯಾಹ್ನ ತೂಕಡಿಸುವ ಮಗುವನ್ನು ಬೈಯುವ ಮೊದಲು, ಏನು ತಿಂದೆ ಎಂದು ಒಮ್ಮೆ ಕೇಳಿ. ಪೋಷಕರಲ್ಲಿ ಒಂದು ಮಾತು: ಹೆಣ್ಣುಮಕ್ಕಳಿಗೆ ಬೆಳಗಿನ ತಿಂಡಿ ತಪ್ಪಿಸಬೇಡಿ. ಊಟದ ಜೊತೆಗೆ ಟೀ ಕೊಡಬೇಡಿ, ಅದು ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಅದರ ಬದಲು ಸೊಪ್ಪಿನ ಸಾರಿಗೆ ಒಂದು ಹೋಳು ನಿಂಬೆ ಹಿಂಡಿ. ನುಗ್ಗೆ ಸೊಪ್ಪು, ಹುರುಳಿಕಾಳು, ಕಡಲೆಕಾಯಿ ನಮ್ಮ ಹಿತ್ತಲಲ್ಲೂ ಹೊಲದಲ್ಲೂ ಇನ್ನೂ ಇವೆ.

ಹಳೆಯ ವಿದ್ಯಾರ್ಥಿಗಳ ಸಂಘದವರು ಶಾಲೆಗೆ ಸುವರ್ಣ ಮಹೋತ್ಸವದ ಕೊಡುಗೆ ಏನು ಕೊಡೋಣ ಎಂದು ಚರ್ಚಿಸುತ್ತಿದ್ದಾರೆಂದು ಕೇಳಿದೆ. ಕಮಾನು ಕಟ್ಟಿಸುವುದಾದರೆ ಕಟ್ಟಿಸಲಿ. ಅದರ ಜೊತೆಗೆ ಒಂದು ಒಳ್ಳೆಯ ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಮತ್ತು ಅಡುಗೆ ಕೋಣೆಯ ಹಿಂದೆ ಇರುವ ಜಾಗಕ್ಕೆ ಬೇಲಿ ಹಾಕಿ ಸೊಪ್ಪು ತರಕಾರಿಯ ಕೈತೋಟ, ಇವನ್ನೂ ಸೇರಿಸಿಕೊಳ್ಳಲಿ. ತೂಕದ ಯಂತ್ರದ ಖರ್ಚನ್ನು ನಾನು ಕೊಡುತ್ತೇನೆ. ಅದು ನನ್ನ ಹಳೆಯ ಬಾಕಿ.

ಇನ್ನೊಂದು ಬಿನ್ನಹ. ಈ ಸಂಚಿಕೆಯ ಕೊನೆಗೆ ಎಸ್.ಎಸ್.ಎಲ್.ಸಿ. ಮುಗಿಸಿದ ಎಲ್ಲ ತಂಡಗಳವರ ಹೆಸರಿನ ಪಟ್ಟಿ ಹಾಕುತ್ತಿದ್ದಾರೆ. ಎಂಟಕ್ಕೆ ಸೇರಿ ಹತ್ತಕ್ಕೆ ಮುಟ್ಟದವರ ಹೆಸರು ಅದರಲ್ಲಿ ಬರುವುದಿಲ್ಲ. ದಾಖಲಾತಿ ಪುಸ್ತಕದಲ್ಲಿ ಅವರ ಹೆಸರುಗಳೂ ಇವೆ. ಅವರೂ ಈ ಶಾಲೆಯ ಮಕ್ಕಳೇ. ಮಹೋತ್ಸವದ ದಿನ ಅವರನ್ನು ಹುಡುಕಿ ಕರೆಯಬೇಕು. ಅಂದಿನ ಊಟಕ್ಕೆ ಹೊರಗಿನ ಕೇಟರಿಂಗ್ ಬೇಡ. ನಮ್ಮ ಅಡುಗೆಯ ತಾಯಂದಿರೇ ಮಾಡಲಿ, ಬೇಕಾದ ಸಹಾಯಕ್ಕೆ ನಾವು ನಿಲ್ಲೋಣ. ಈಗಿನ ಮಕ್ಕಳು, ಮೇಷ್ಟ್ರುಗಳು, ಊರವರು, ಬಿಟ್ಟುಹೋದವರು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣೋಣ. 26 ಕೆ.ಜಿ. ಇದ್ದ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನು ಬಂದರೆ ನನ್ನ ಪಕ್ಕದ ಎಲೆ ಅವನಿಗೆ ಇರಲಿ. ಅವನ ಅಂಕಪಟ್ಟಿಯಲ್ಲಿ ನಾನು ಬರೆದ ಷರಾ ತಪ್ಪು ಎಂದು ಅವನಿಗೆ ನಾನೇ ಹೇಳಬೇಕಾಗಿದೆ.